ಹೆಡ್‌ಲೈಟ್ ರಿಲೇ ಪದೇ ಪದೇ ಹೋಗುತ್ತಿದೆ, ಮೂಲ ಎಲ್ಲಿ?

ಘಾಟಿ ಪಿಕಪ್ (ಪ್ರಶ್ನೆ):
ಅಡಿಕೆ ಹೊರುವ ಹಳೆ ಡೀಸೆಲ್ ಪಿಕಪ್ ನನ್ನದು. ತೀರ್ಥಹಳ್ಳಿಯಿಂದ ಉಡುಪಿ ಕಡೆಗೆ ವಾರಕ್ಕೆ ಮೂರು ಸಲ ಓಡುತ್ತದೆ. ಹೋದ ಮಂಗಳವಾರ ರಾತ್ರಿ ಆಗುಂಬೆ ಘಾಟಿ ಇಳಿಯುವಾಗ ತಿರುವಿನಲ್ಲೇ ಎರಡೂ ಹೆಡ್‌ಲೈಟ್ ಒಟ್ಟಿಗೆ ಆರಿಹೋದವು. ಮಳೆ ಬೇರೆ. ಪಕ್ಕದಲ್ಲಿ ಮಗ ಕೂತಿದ್ದ, ಜೀವ ಬಾಯಿಗೆ ಬಂದಿತ್ತು. ಬಾನೆಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ರಿಲೇ (ಸಣ್ಣ ಕರೆಂಟಿನಿಂದ ಹೆಡ್‌ಲೈಟಿನ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ತಟ್ಟಿದೆ, ಹತ್ತಿತು. ಕೆಳಗೆ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಹಾಗೇ ಆಯಿತು. 14 ತಿಂಗಳಲ್ಲಿ ಇದು ಮೂರನೇ ರಿಲೇ. ಬಲ್ಬು 100/90, ಅಂದರೆ ಹೈಗೆ 100 ವಾಟ್, ಡಿಮ್‌ಗೆ 90. ರಿಲೇ ಮೇಲೆ 40 ಆಂಪಿಯರ್ ಎಂದು ಬರೆದಿದೆ, ಸಾಕಾಗಬೇಕಲ್ವಾ?

ಶಿವಮೊಗ್ಗ ಎಲೆಕ್ಟ್ರಿಷಿಯನ್:
ಹಳೇ ರಿಲೇ ಬಿಸಾಡಿಲ್ಲ ತಾನೇ? 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಕೆಟ್ಟ ರಿಲೇ ಬಿಚ್ಚಿ ನೋಡದೆ ಹೊಸದು ಹಾಕಿಕೊಡುವುದಿಲ್ಲ. ಮುಚ್ಚಳದ ಅಂಚಿಗೆ ಬ್ಲೇಡ್ ಹಾಕಿ ಎತ್ತಿ. ಒಳಗೆ ಎರಡು ಪುಟ್ಟ ಗುಂಡಿಗಳಿವೆ, ಅವೇ ಕಾಂಟ್ಯಾಕ್ಟ್. ಬಲ್ಬಿನ ತಂತಿ ತಣ್ಣಗಿದ್ದಾಗ ಸ್ವಿಚ್ ಹಾಕಿದ ಕ್ಷಣಕ್ಕೆ ಮಾಮೂಲಿಗಿಂತ ಹತ್ತು ಪಟ್ಟಿನಷ್ಟು ಕರೆಂಟ್ ಎಳೆಯುತ್ತದೆ. ಆಗ ಹಾರುವ ಕಿಡಿ ಕಾಂಟ್ಯಾಕ್ಟನ್ನು ಚೂರು ಚೂರೇ ತಿನ್ನುತ್ತದೆ. ಅಲ್ಲಿ ಕಪ್ಪು ಕುಳಿ ಬಿದ್ದಿದ್ದರೆ ತಟ್ಟಿದಾಗ ಹತ್ತುತ್ತದೆ, ಅಲುಗಿದರೆ ಆರುತ್ತದೆ. ಎರಡೂ ಅಂಟಿಕೊಂಡರೆ ಸ್ವಿಚ್ ಆರಿಸಿದರೂ ಲೈಟ್ ಆರುವುದಿಲ್ಲ. ಉಪ್ಪುಕಾಗದ ಹಾಕಿ ಉಜ್ಜಬೇಡಿ. ಅದು ಬೆಳ್ಳಿ ಬೆರೆತ ಲೋಹ, ಉಜ್ಜಿದರೆ ಇನ್ನೂ ಬೇಗ ಹೋಗುತ್ತದೆ.

ಆದರೆ 14 ತಿಂಗಳಲ್ಲಿ ಮೂರು ಎಂದರೆ ನನಗೆ ಅನುಮಾನ ರಿಲೇ ಕೂರುವ ಸಾಕೆಟ್ ಮೇಲೆ. ಬ್ಯಾಟರಿ ಕರೆಂಟ್ ಒಳಬರುವ 30 ನಂಬರ್ ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆಯೇ ನೋಡಿ. ಆಮೇಲೆ ಹೈ ಬೀಮ್ ಹಾಕಿ, ಮೀಟರನ್ನು ಡಿಸಿ ವೋಲ್ಟ್‌ಗಿಟ್ಟು, ಒಂದು ಮುಳ್ಳು ಸಾಕೆಟ್‌ಗೆ ಬರುವ ವೈರಿನ ತಾಮ್ರಕ್ಕೆ, ಇನ್ನೊಂದು ರಿಲೇಯ 30ನೇ ಪಿನ್ನಿಗೆ ಮುಟ್ಟಿಸಿ. ಎಷ್ಟು ಬರುತ್ತದೆ ಹೇಳಿ.

ಕುಂದಾಪುರ ಕಡಲು:
ರಿಲೇ ಎಲ್ಲಿ ಕಟ್ಟಿದ್ದಾರೆ, ಪಿನ್ ಯಾವ ಕಡೆ ಇದೆ? ನಮ್ಮ ಕಡೆ ಉಪ್ಪುಗಾಳಿ, ಎರಡೇ ಮಳೆಗಾಲಕ್ಕೆ ಪಿನ್ನಿಗೆ ಹಸಿರು ಕಿಲುಬು ಹತ್ತುತ್ತದೆ. ಪಿನ್ ಕೆಳಗೆ ಮಾಡಿ ಕೂರಿಸಿ. ವೈರು ರಿಲೇಗೆ ಹೋಗುವ ಮೊದಲು ಒಂದು ಸುತ್ತು ಕೆಳಗಿಳಿದು ಮೇಲೇರಲಿ, ನೀರು ಆ ಬಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಮಾಮೂಲಿ ಸಿಲಿಕಾನ್ ಮೆತ್ತಿ ಮುಚ್ಚಬೇಡಿ. ಒಳಗೆ ಹೋದ ನೀರು ಹೊರಗೆ ಬರಲು ದಾರಿ ಇರುವುದಿಲ್ಲ.

ಘಾಟಿ ಪಿಕಪ್:
ನೋಡಿದೆ. ಮಡ್‌ಗಾರ್ಡ್ ಮಗ್ಗುಲಲ್ಲಿ ಕೇಬಲ್ ಟೈ ಹಾಕಿ ಕಟ್ಟಿದ್ದಾರೆ, ಪಿನ್ ಆಕಾಶಕ್ಕೆ. 30ರ ಸುತ್ತ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ಗಟ್ಟಿಯಾಗಿದೆ. ಮೀಟರ್‌ನಲ್ಲಿ 1.3 ವೋಲ್ಟ್ ಬಂತು. ಕಾಂಟ್ಯಾಕ್ಟ್ ಕಪ್ಪಗಾಗಿದೆ.

ಶಿವಮೊಗ್ಗ ಎಲೆಕ್ಟ್ರಿಷಿಯನ್:
ಸಿಕ್ಕಿತು. ಎರಡು 100 ವಾಟ್ ಬಲ್ಬಿಗೆ ಸುಮಾರು 16 ಆಂಪಿಯರ್ ಹರಿಯುತ್ತದೆ. 1.3ನ್ನು 16ರಿಂದ ಗುಣಿಸಿ, ಸುಮಾರು 21 ವಾಟ್ ಆಯಿತು. ನನ್ನ ಬೆಸುಗೆ ಐರನ್ 25 ವಾಟಿನದು. ಹೆಚ್ಚುಕಡಿಮೆ ಅಂಥದ್ದೇ ಒಂದು ಐರನ್ ಆ ಪಿನ್ನಿಗೆ ತಾಗಿಸಿಟ್ಟ ಹಾಗೆ ಇಡೀ ರಾತ್ರಿ ಓಡಿಸುತ್ತಿದ್ದೀರಿ. ಅಲ್ಲಿ ಬರಬೇಕಾದದ್ದು 0.1 ವೋಲ್ಟಿಗಿಂತ ಕಡಿಮೆ. ಬಿಸಿಗೆ ಸಾಕೆಟ್ಟಿನ ಹಿತ್ತಾಳೆ ಕ್ಲಿಪ್ ಬಿಗಿ ಕಳೆದುಕೊಂಡಿದೆ. ಸಡಿಲವಾದಷ್ಟೂ ಬಿಸಿ ಜಾಸ್ತಿ, ಬಿಸಿಯಾದಷ್ಟೂ ಇನ್ನೂ ಸಡಿಲ. 40 ಆಂಪಿಯರ್ ಎನ್ನುವುದು ರಿಲೇಯ ಲೆಕ್ಕ, ಸಾಕೆಟ್ಟಿನದಲ್ಲ.

ಸಾಕೆಟ್ ಬದಲಿಸಿ. ಸುಟ್ಟ ವೈರನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಟರ್ಮಿನಲ್ ಒತ್ತಿಸಿ. ಇಕ್ಕಳದಲ್ಲಿ ಬೇಡ, ಕ್ರಿಂಪಿಂಗ್ ಟೂಲ್ ಇರುವವರ ಹತ್ತಿರ ಮಾಡಿಸಿ. ಹೈಗೆ ಒಂದು, ಡಿಮ್‌ಗೆ ಒಂದು ರಿಲೇ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಬಲ್ಬು 60/55ಕ್ಕೆ ಇಳಿಸಿ ಎಂದು ಕೈ ಮುಗಿದು ಕೇಳುತ್ತೇನೆ. ವೋಲ್ಟೇಜ್ ಪೂರ್ತಿ ಸಿಕ್ಕರೆ ಘಾಟಿಗೆ ಅದೇ ಸಾಕು, ಎದುರು ಬರುವವರ ಕಣ್ಣೂ ಕುಕ್ಕುವುದಿಲ್ಲ.

ಘಾಟಿ ಪಿಕಪ್:
ನಾಳೆಯೇ ಮಾಡಿಸುತ್ತೇನೆ. ಅಂಗಡಿಯಲ್ಲಿ ಡಯೋಡ್ ಇರುವ ರಿಲೇ ಕೊಟ್ಟರು. ಹಾಕಬಹುದಾ?

ಶಿವಮೊಗ್ಗ ಎಲೆಕ್ಟ್ರಿಷಿಯನ್:
ಹಾಕಬಹುದು. ರಿಲೇ ಆರುವಾಗ ಕಾಂಟ್ಯಾಕ್ಟನ್ನು ಎಳೆಯುವ ತಂತಿ ಸುರುಳಿಯಿಂದ, ಅಂದರೆ ಕಾಯಿಲ್‌ನಿಂದ, ನೂರು ವೋಲ್ಟಿಗೂ ಮೀರಿ ಒಂದು ಹೊಡೆತ ಬರುತ್ತದೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಅದನ್ನು ನುಂಗುತ್ತದೆ. ಆದರೆ ಕಾಯಿಲ್‌ನ ಎರಡು ಪಿನ್ನುಗಳಲ್ಲಿ 86 ಪ್ಲಸ್‌ಗೆ, 85 ಅರ್ಥ್‌ಗೆ ಹೋಗಬೇಕು. ರಿಲೇ ಮೇಲಿನ ಚಿತ್ರ ನೋಡಿಯೇ ಜೋಡಿಸಿ. ಸಾದಾ ರಿಲೇಗೆ ಹಿಂದುಮುಂದಾದರೂ ನಡೆಯುತ್ತದೆ. ಇದಕ್ಕೆ ಹಾಗಾದರೆ ಸ್ವಿಚ್ ಹಾಕಿದ ತಕ್ಷಣ ನೇರ ಶಾರ್ಟ್.