ಕೆಂಪು ಜುಟ್ಟಿನ ಕಾರ್ಡಿನಲ್ಲೋ, ಹಳದಿ ಕೊಕ್ಕಿನದೋ? ದಯವಿಟ್ಟು ಹೇಳಿ

ಹಕ್ಕಿಮರುಳ: ತಲೆ ಕೆಟ್ಟುಹೋಗಿದೆ. ಒಂದು ಫೋಟೊಗೆ ಹಕ್ಕಿ ಗುರುತಿಸುವ ಆ್ಯಪ್ ಕೆಂಪು ಜುಟ್ಟಿನ ಕಾರ್ಡಿನಲ್ ಅನ್ನುತ್ತದೆ. ಅದೇ ಹಕ್ಕಿಯ ಮುಂದಿನ ಫೋಟೊಗೆ ಹಳದಿ ಕೊಕ್ಕಿನದು ಅನ್ನುತ್ತದೆ. ತಲೆ ಕೆಂಪಲ್ಲ, ಕಂದು. ಹೊಟ್ಟೆ ಬಿಳಿ.

ಗುಬ್ಬಿಗೂಡು: ಹವಾಯಿ ಅಲ್ವಾ? ಸುಲಭ. ಜುಟ್ಟಿನದನ್ನು 1928ರ ಸುಮಾರಿಗೆ ಅಲ್ಲಿನ ಒವಾಹು ದ್ವೀಪಕ್ಕೆ ತಂದು ಬಿಟ್ಟರು. ಹಳದಿ ಕೊಕ್ಕಿನದು ದೊಡ್ಡ ದ್ವೀಪದ ಕೋನಾ ಕಡೆಯದು. ಯಾವ ದ್ವೀಪ ಹೇಳಿ, ಮುಗೀತು.

ಲೆನ್ಸ್‌ಪ್ರಿಯ: ವೈಟ್ ಬ್ಯಾಲೆನ್ಸ್, ಅಂದರೆ ಕ್ಯಾಮೆರಾದ ಬಣ್ಣದ ಹೊಂದಾಣಿಕೆ, ಕೆಟ್ಟಿದೆ, ಅದಕ್ಕೇ ಕೆಂಪು ಕಂದಾಗಿದೆ. ಕ್ಯಾಮೆರಾದ ಮೂಲ ರಾ ಫೈಲ್ ಹಾಕಿ.

ಹಕ್ಕಿಮರುಳ: ಹೊಟ್ಟೆ ಸರಿಯಾಗಿ ಬಿಳಿ ಬಂದಿದೆಯಲ್ಲ ಸಾರ್, ತಲೆ ಮಾತ್ರ ಹೇಗೆ ಕೆಡುತ್ತದೆ?

ಗುಬ್ಬಿಗೂಡು: ದ್ವೀಪ ಯಾವುದು?

ಹಕ್ಕಿಮರುಳ: ಯಾವ ದ್ವೀಪವೂ ಅಲ್ಲ! ಬ್ರೆಜಿಲ್, ಪಂಟನಾಲ್ ಜೌಗು ಪ್ರದೇಶ. ಪೊಕೋನೆಯಿಂದ ಪೋರ್ಟೊ ಜೋಫ್ರೆಗೆ ಹೋಗುವ ಮಣ್ಣು ರಸ್ತೆ.

ಕೆರೆದಂಡೆ: ಅಲ್ಲಿ ಎರಡೂ ಸಿಗುತ್ತವೆ, ಹಾಗಾಗಿ ಜಾಗ ನೋಡಿ ಹೇಳಲಾಗುವುದಿಲ್ಲ. ನಿಮ್ಮದು ಎಳೆಯ ಹಕ್ಕಿ. ಎರಡರ ಎಳೆಯವಕ್ಕೂ ತಲೆ ಕಂದು, ಆ್ಯಪ್ ಎಡವುವುದು ಇಲ್ಲೇ. ಬೆಳೆದವಾದರೆ ಗಂಟಲು ನೋಡಿದರೆ ಸಾಕಿತ್ತು: ಜುಟ್ಟಿನದಕ್ಕೆ ಕೆಂಪು, ಇನ್ನೊಂದಕ್ಕೆ ಕಪ್ಪು. ಕೊಕ್ಕಿನ ಬಣ್ಣವನ್ನೂ ಈ ವಯಸ್ಸಿನಲ್ಲಿ ನಂಬಬೇಡಿ. ಹಿಂತಲೆ ನೋಡಿ. ಜುಟ್ಟಿನದು ನಮ್ಮ ಪಿಕಳಾರದ ಹಾಗೆ ಜುಟ್ಟು ಮಲಗಿಸಿದರೂ ಹಿಂದೆ ಚೂಪು ತುದಿ ಉಳಿಯುತ್ತದೆ. ಆಮೇಲೆ ಕಾಲು. ಜುಟ್ಟಿನದಕ್ಕೆ ಗಾಢ ಬೂದು, ಹಳದಿ ಕೊಕ್ಕಿನದಕ್ಕೆ ಗುಲಾಬಿ.

ಗುಬ್ಬಿಗೂಡು: ಕಾರ್ಡಿನಲ್ ಕುಟುಂಬದಲ್ಲಿ ಜುಟ್ಟು ಇಲ್ಲದ್ದು ಇರುತ್ತದಾ?

ಕೆರೆದಂಡೆ: ಇವು ಆ ಕುಟುಂಬದವೇ ಅಲ್ಲ. ಹೆಸರಿಗೆ ಕಾರ್ಡಿನಲ್, ಸೇರುವುದು ಟ್ಯಾನೇಜರ್ ಎಂಬ ಬೇರೆ ಹಕ್ಕಿ ಕುಟುಂಬದ ಜೊತೆ. ಎರಡೂ ಪರೋವಾರಿಯಾ ಎಂಬ ಒಂದೇ ಕುಲದವು.

ಗುಬ್ಬಿಗೂಡು: ಹಳೆಯ ಪುಸ್ತಕಗಳಲ್ಲಿ ಹಾಗಿಲ್ಲ ಮೇಡಂ.

ಕೆರೆದಂಡೆ: ಹಳೆಯವುಗಳಲ್ಲಿ ಇಲ್ಲ, ನಿಜ. ಡಿಎನ್ಎ ನೋಡಿದ ಮೇಲೆ ಬದಲಾಯಿತು. ಈಗ ಕಾಲಿನ ವಿಷಯಕ್ಕೆ ಬರೋಣವೇ?

ಲೆನ್ಸ್‌ಪ್ರಿಯ: ನನ್ನ 600 ಎಂಎಂ ಪ್ರೈಮ್ ಲೆನ್ಸಿನಲ್ಲಿ ಕಾಲಿನ ಚಿಪ್ಪು ಕೂಡ ಎಣಿಸಬಹುದು. ಟ್ರೈಪಾಡಿಗೆ ಗಿಂಬಲ್ ಹಾಕಿದ ಮೇಲಂತೂ ಕೈ ನಡುಗುವ ಪ್ರಶ್ನೆಯೇ ಇಲ್ಲ. ನೀವು ಯಾವುದರಲ್ಲಿ ತೆಗೆದದ್ದು?

ಹಕ್ಕಿಮರುಳ: ಹಾಕಿದ ಎರಡರಲ್ಲೂ ಕಾಲು ಹುಲ್ಲಿನೊಳಗಿದೆ. ಹಾರುವ ಮುಂಚಿನದೊಂದು ಸಿಕ್ಕಿತು, ಸ್ವಲ್ಪ ಮಬ್ಬು. ಹಿಂತಲೆ ಗುಂಡಗಿದೆ, ಕಾಲು ತಿಳಿ ಗುಲಾಬಿ. ಈಗ ಹಾಕಿದ್ದೇನೆ, ನೋಡಿ.

ಕೆರೆದಂಡೆ: ಹಳದಿ ಕೊಕ್ಕಿನದೇ, ಅನುಮಾನ ಬೇಡ. ನೀರಿನ ಅಂಚಿನಲ್ಲಿ ಅಲ್ಲಿ ಅದೇ ಜಾಸ್ತಿ. ದಾಖಲಿಸುವಾಗ ಈ ಮಬ್ಬು ಫೋಟೊವನ್ನೇ ಮೊದಲು ಹಾಕಿ, ಕಾಲು ಕಾಣುವುದು ಅದರಲ್ಲಿ ಮಾತ್ರ.

ಲೆನ್ಸ್‌ಪ್ರಿಯ: ಶಟರ್ ಸ್ಪೀಡ್ ಎಷ್ಟಿತ್ತು?