ಅಪ್‌ಡೇಟ್: ಅಣ್ಣನಿಗೆ ಕನ್ನಡದ ಎಎ ಸಭೆ ಸಿಕ್ಕಿತು

ಕುಡಿತ ಬಿಡಲು ಮನಸ್ಸು ಮಾಡಿರುವ ನನ್ನ ಅಣ್ಣನಿಗೆ ಮೈಸೂರಿನಲ್ಲಿ ಕನ್ನಡದಲ್ಲೇ ನಡೆಯುವ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡಬಯಸುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ) ಸಭೆ ಎಲ್ಲಿದೆ ಎಂದು ಕಳೆದ ತಿಂಗಳು ಕೇಳಿದ್ದೆ. ಸಭೆ ಸಿಕ್ಕಿದೆ, ಅಣ್ಣ ಈವರೆಗೆ ಐದು ಬಾರಿ ಹೋಗಿದ್ದಾನೆ. ಉತ್ತರಿಸಿದ ಎಲ್ಲರಿಗೂ ನಾನು ಋಣಿ.

ಮೊದಲು ಹೋದ ವಿಳಾಸದಲ್ಲಿ ಬಾಗಿಲಿಗೆ ಬೀಗ ಹಾಕಿತ್ತು. ಸಭೆ ಬೇರೆಡೆಗೆ ಹೋಗಿ ವರ್ಷವೇ ಆಗಿತ್ತಂತೆ. ಹಿಂತಿರುಗುವಾಗ ದಾರಿಯುದ್ದಕ್ಕೂ ಅಣ್ಣ ಒಂದು ಮಾತೂ ಆಡಲಿಲ್ಲ. ದಯವಿಟ್ಟು ಹೊರಡುವ ಮುನ್ನ ಫೋನ್ ಮಾಡಿ ದಿನ, ಸಮಯ, ಭಾಷೆ ಮೂರನ್ನೂ ಖಚಿತಪಡಿಸಿಕೊಳ್ಳಿ, ಮನೆಯವರೂ ಬರಬಹುದಾದ ಮುಕ್ತ ಸಭೆಯೇ ಎಂಬುದನ್ನೂ ಕೇಳಿ.

ಎರಡನೆಯ ಸಲ, ಚಪ್ಪಲಿ ಬಿಟ್ಟು ಹೊಸ್ತಿಲಲ್ಲೇ ನಿಂತಿದ್ದ ಅಣ್ಣನನ್ನು ಹಿರಿಯರೊಬ್ಬರು 'ಬನ್ನಿ, ಕೂತ್ಕೊಳ್ಳಿ, ಇಲ್ಲಿ ಯಾರೂ ಏನೂ ಕೇಳಲ್ಲ' ಎಂದು ಕರೆದು, ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟರು. ಅಲ್ಲಿ ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಾಗಿಲ್ಲ, ಕುಡಿತ ನಿಲ್ಲಿಸಬೇಕೆಂಬ ಆಸೆಯೊಂದಿದ್ದರೆ ಸದಸ್ಯರಾಗಬಹುದು. ಅಣ್ಣ ಆ ದಿನ ಏನೂ ಮಾತನಾಡದಿದ್ದರೂ, ಲೋಟ ಹಿಡಿದಿದ್ದ ಅವನ ಕೈ ನಡುಗುವುದನ್ನು ಕಂಡು ಪಕ್ಕದವರು ಸದ್ದಿಲ್ಲದೆ ಲೋಟವನ್ನು ತೆಗೆದು ಕೆಳಗಿಟ್ಟರು.

ಆ ನಡುಕದ ಕಾರಣಕ್ಕೇ ಮರುದಿನ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಂಡೆವು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಅಥವಾ ಸನ್ನಿ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಸಭೆಯೊಂದನ್ನೇ ನೆಚ್ಚಿಕೊಳ್ಳದೆ ವೈದ್ಯರ ಸಲಹೆಯನ್ನೂ ಪಡೆಯಿರಿ. 14446 ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಉಚಿತ ಸಹಾಯವಾಣಿ.

ಈಗ ಅತ್ತಿಗೆಗಾಗಿ, ಕುಡಿತದ ಸಮಸ್ಯೆಯಿರುವವರ ಮನೆಯವರು ಸೇರುವ ಅಲ್-ಅನಾನ್ ಸಭೆಯನ್ನು ಹುಡುಕುತ್ತಿದ್ದೇನೆ. ಮೈಸೂರಿನಲ್ಲಿ ಕನ್ನಡದಲ್ಲಿ ನಡೆಯುವುದು ಗೊತ್ತಿದ್ದರೆ ತಿಳಿಸಿ.