ಹೊಸ ಟೈರ್ ಹಾಕಿಸಿದ ಮೇಲೆ ಮೊದಲ 300 ಕಿ.ಮೀ. ಹೇಗೆ ಓಡಿಸಬೇಕು?

ಪ್ರಶ್ನೆ (ಬೆಂಗಳೂರು): ಅಣ್ಣಾ, ನಮ್ಮ ಚಿಕ್ಕ ಕಾರಿಗೆ ನಿನ್ನೆ ನಾಲ್ಕೂ ಟೈರ್ ಹೊಸದು ಹಾಕಿಸಿದೆವು. ಮುಂದಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಬೇಕು, ಮಳೆ ಬೇರೆ ಹಿಡಿದಿದೆ. ಅಂಗಡಿ ಹುಡುಗ "ಸ್ವಲ್ಪ ದಿನ ನಿಧಾನಕ್ಕೆ ಓಡಿಸಿ ಮೇಡಂ" ಅಂದ. ನಮ್ಮ ಭಾವ "ಅದೆಲ್ಲ ಹೊಸ ಇಂಜಿನ್‌ಗೆ, ಟೈರ್‌ಗೆ ಏನೂ ಬೇಕಾಗಿಲ್ಲ" ಅಂತಾರೆ. ಯಾರ ಮಾತು ಸರಿ? ತಿರುವಿನಲ್ಲಿ ಕಾರು ತೇಲಿದ ಹಾಗೆ ಬೇರೆ ಅನಿಸುತ್ತಿದೆ.

ಉತ್ತರ (ಟೈರ್ ಅಂಗಡಿ, ಹಾಸನ): ಹುಡುಗ ಹೇಳಿದ್ದೇ ಸರಿ ಅಕ್ಕ. ಟೈರ್ ಅಚ್ಚಿನಲ್ಲಿ ಬೇಯುತ್ತದೆ. ಇಡ್ಲಿ ತಟ್ಟೆಗೆ ಎಣ್ಣೆ ಸವರುವ ಹಾಗೆ, ರಬ್ಬರ್ ಅಂಟಿಕೊಳ್ಳದಿರಲಿ ಎಂದು ಅಚ್ಚಿಗೂ ಜಾರುವ ದ್ರಾವಣ ಹಚ್ಚುತ್ತಾರೆ. ಅದರ ಪಸೆ ಟೈರಿನ ಮೇಲೂ ಉಳಿದಿರುತ್ತದೆ. ಅದರ ಜೊತೆಗೆ ಹೊಸ ರಬ್ಬರಿನ ಮೇಲ್ಪದರವೇ ನುಣುಪು. ರಸ್ತೆಗೆ ಉಜ್ಜಿ ಆ ನುಣುಪು ಹೋಗಿ ತುಸು ಒರಟಾದ ಮೇಲೆಯೇ ಪೂರ್ತಿ ಹಿಡಿತ ಸಿಗುವುದು. ಮಳೆಯಲ್ಲಿ ಓಡಿಸಿದರೆ ತೊಳೆದು ಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ, ಅದು ತಪ್ಪು. ಅದು ಹೋಗಬೇಕಾದದ್ದು ಒಣ ರಸ್ತೆಯ ಉಜ್ಜಾಟದಿಂದ. ಎಷ್ಟು ದೂರ ಎನ್ನುವುದಕ್ಕೆ ಒಂದೇ ಲೆಕ್ಕವಿಲ್ಲ. ನಾನು ಎಲ್ಲರಿಗೂ ಹೇಳುವುದು ಕನಿಷ್ಠ 300 ಕಿ.ಮೀ., ಮಳೆಗಾಲವಾದರೆ 500.

ಹಾಗಂತ 40ರಲ್ಲಿ ತೆವಳಬೇಕು ಅಂತಲ್ಲ. ಒಣ ಹೆದ್ದಾರಿಯಲ್ಲಿ 80ರ ಒಳಗೆ ಆರಾಮಾಗಿ ಹೋಗಿ. ಮಾಡಬಾರದ್ದು ಏನೆಂದರೆ ಒಮ್ಮೆಲೇ ಎಕ್ಸಿಲರೇಟರ್ ತುಳಿಯುವುದು, ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹಿಡಿಯುವುದು, ಸ್ಟೇರಿಂಗ್ ಥಟ್ಟನೆ ಎಳೆಯುವುದು. 80ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ದಾಟಲು ಮಳೆಯಲ್ಲಿ ನಾಲ್ಕೈದು ಸೆಕೆಂಡ್ ಹಿಡಿಯಬೇಕು, ಅಷ್ಟು ಅಂತರ ಇರಲಿ. ಅಡ್ಡ ಯಾರಾದರೂ ಬಂದರೆ ಬ್ರೇಕ್ ಪೂರ್ತಿ ಒತ್ತಲೇಬೇಕು, ಆಗ ಟೈರ್ ಹೊಸದು ಅಂತ ಅನುಮಾನಿಸಬೇಡಿ. ಆ ಸಂದರ್ಭವೇ ಬಾರದಿರಲಿ ಅಂತ ಈ ಅಂತರ. ಬ್ರೇಕಿನ ಜೊತೆಗಿರುವ ಎಬಿಎಸ್ ವ್ಯವಸ್ಥೆ ಚಕ್ರ ಲಾಕ್ ಆಗದಂತೆ ನೋಡುತ್ತದೆ ಅಷ್ಟೇ, ಟೈರಿಗೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ತೇಲಿದ ಹಾಗೆ ಅನಿಸುವುದಕ್ಕೆ ಎರಡು ಕಾರಣ. ಹೊಸ ಟ್ರೆಡ್, ಅಂದರೆ ನೆಲ ಮುಟ್ಟುವ ಗೀರು ಗೀರಿನ ರಬ್ಬರ್, ಏಳೆಂಟು ಮಿಲಿಮೀಟರ್ ಎತ್ತರ ಇರುತ್ತದೆ, ನೀವು ಬಿಚ್ಚಿಸಿದ್ದು ಬಹುಶಃ ಎರಡಕ್ಕೆ ಬಂದಿತ್ತು. ಎತ್ತರದ ರಬ್ಬರ್ ತಿರುವಿನಲ್ಲಿ ತುಸು ವಾಲುತ್ತದೆ, ಓಡಿಸುತ್ತಾ ಸರಿಹೋಗುತ್ತದೆ. ಎರಡನೆಯದನ್ನು ಇವತ್ತೇ ನೋಡಿ: ಗಾಳಿ. ಟೈರಿನ ಅಂಚು ರಿಮ್ಮಿಗೆ 'ಟಪ್' ಅಂತ ಕೂರಲಿ ಎಂದು ಅಂಗಡಿಯಲ್ಲಿ 40 ಪಿಎಸ್‌ಐವರೆಗೂ ಗಾಳಿ ಹೊಡೆಯುತ್ತೇವೆ. ಆಮೇಲೆ ಇಳಿಸಬೇಕು. ಗಡಿಬಿಡಿಯಲ್ಲಿ ಇಳಿಸುವುದು ಮರೆತರೆ ಕಾರು ಪುಟಿಯುತ್ತಾ ಹೋಗುತ್ತದೆ, ಹಿಡಿತವೂ ಕಡಿಮೆ. ಡ್ರೈವರ್ ಬಾಗಿಲು ತೆಗೆದರೆ ಬಾಗಿಲಿನ ಚೌಕಟ್ಟಿನ ಮೇಲೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿರುವಷ್ಟೇ ಗಾಳಿ ಇರಲಿ. ಬೆಳಿಗ್ಗೆ ಗಾಡಿ ತೆಗೆದು ಹತ್ತಿರದ ಬಂಕಿಗೆ ಹೋಗಿ ಹಾಕಿಸಿ, ಟೈರ್ ಬಿಸಿಯಾದ ಮೇಲೆ ನೋಡಿದರೆ ಲೆಕ್ಕ ತಪ್ಪುತ್ತದೆ.

ಇನ್ನು ನಟ್ಟು. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ಮತ್ತೊಮ್ಮೆ ಟೈಟ್ ನೋಡಿಸಲೇಬೇಕು. ಅಂಗಡಿಯ ನಟ್ಟು ಬಿಗಿಯುವ ಗನ್ನಿನಿಂದ ಅಲ್ಲ, ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ವ್ರೆಂಚ್ ಎಂಬ ಪಾನಾದಿಂದ, ಎದುರು ಬದುರು ನಟ್ಟುಗಳ ಕ್ರಮದಲ್ಲಿ, ಚಕ್ರ ನೆಲದ ಮೇಲಿರುವಾಗ. ಎಷ್ಟು ಟೈಟ್ ಎನ್ನುವುದು ಕಾರಿನ ಪುಸ್ತಕದಲ್ಲಿದೆ. ಪಾನಾದ ಮೇಲೆ ನಿಂತು ತುಳಿದರೆ ಬೋಲ್ಟ್ ಹಿಗ್ಗುತ್ತದೆ, ನಾಳೆ ದಾರಿಯಲ್ಲಿ ಪಂಕ್ಚರ್ ಆದರೆ ನಿಮ್ಮ ಕೈಯಲ್ಲಿ ಬಿಚ್ಚಲಿಕ್ಕೂ ಆಗುವುದಿಲ್ಲ.

ಮರುಪ್ರಶ್ನೆ (ಅವರೇ): ಗಾಳಿ ನೋಡಿಸಿದೆ ಅಣ್ಣಾ, 41 ಇತ್ತು! ಇಳಿಸಿದ ಮೇಲೆ ಕಾರು ಮೆತ್ತಗಾಯಿತು. ಹಾಗಾದರೆ ಶನಿವಾರ ಘಾಟಿಗೆ ಹೋಗಬಹುದಾ?

ಉತ್ತರ: ಹೋಗಬಹುದು, ಶನಿವಾರದೊಳಗೆ ಆಫೀಸಿಗೆ, ಊರೊಳಗೆ ಕಾರನ್ನೇ ತೆಗೆದುಕೊಂಡು ಹೋಗಿ, ಆದಷ್ಟು ಓಡಿಸಿರಿ. ಬೆಂಗಳೂರಿನಿಂದ ಹಾಸನಕ್ಕೇ ಹೆಚ್ಚುಕಡಿಮೆ 180 ಕಿ.ಮೀ. ಆಗುತ್ತದೆ. ಕುಣಿಗಲ್, ಚನ್ನರಾಯಪಟ್ಟಣದ ಆ ದಾರಿ ಒಣಗಿದ್ದರೆ ಟೈರಿಗೆ ಒಳ್ಳೆಯ ಉಜ್ಜಾಟ. ಸಕಲೇಶಪುರ ದಾಟಿ ಮಾರನಹಳ್ಳಿಯಿಂದ ಅಡ್ಡಹೊಳೆವರೆಗಿನ ಇಳಿಜಾರಿನಲ್ಲಿ ಎರಡನೇ, ಮೂರನೇ ಗೇರಿನಲ್ಲೇ ಇಳಿಯಿರಿ, ಇಂಜಿನ್ನೇ ಕಾರನ್ನು ಹಿಡಿಯಲಿ. ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನಲ್ಲಿ ಬ್ರೇಕಿನಿಂದ ಕಾಲು ತೆಗೆದಿರಬೇಕು. ಕತ್ತಲಾಗುವ ಮುಂಚೆ ಘಾಟಿ ಇಳಿದು ಮುಗಿಸಿ. ಹಿಂದೆ ಲಾರಿಯವರು ಹಾರ್ನ್ ಹೊಡೆದರೆ ಜಾಗ ಸಿಕ್ಕಲ್ಲಿ ಬದಿಗೆ ಕೊಟ್ಟುಬಿಡಿ.

ಪ್ರಶ್ನೆ (ಹುಬ್ಬಳ್ಳಿ): ಸರ್, ನನಗೆ ಬಜೆಟ್ ಎರಡೇ ಟೈರಿಗೆ. ಮುಂದಿನ ಚಕ್ರ ಎಳೆಯುವ ಕಾರು, ಹೊಸದನ್ನು ಮುಂದಕ್ಕೇ ಹಾಕೋಣ ಅಂತಾರೆ.

ಉತ್ತರ: ಹಿಂದಕ್ಕೆ ಹಾಕಿಸಿ ಸರ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಮುಂದಿನ ಟೈರ್ ಜಾರಿದರೆ ಸ್ಟೇರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಎಕ್ಸಿಲರೇಟರಿನಿಂದ ಕಾಲು ತೆಗೆದರೆ ಬಹುಪಾಲು ಸರಿಯಾಗುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಹಿಡಿಯುವುದು ನುರಿತವರಿಗೂ ಕಷ್ಟ. ಕಾನೂನಿನ ಪ್ರಕಾರ ಕಾರಿನ ಟ್ರೆಡ್ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಮಳೆಗಾಲಕ್ಕೆ ನನ್ನ ಲೆಕ್ಕ 3. ಮುಂದಕ್ಕೆ ಬರುವ ಹಳೆಯವು ಅದಕ್ಕಿಂತ ಸವೆದಿದ್ದರೆ ಇನ್ನೊಂದು ತಿಂಗಳು ತಡೆದು ನಾಲ್ಕನ್ನೂ ಹಾಕಿಸಿ, ಅಲ್ಲಿವರೆಗೆ ಮಳೆಯಲ್ಲಿ ದೂರದ ದಾರಿ ಬೇಡ.

ಪ್ರಶ್ನೆ (ಶಿವಮೊಗ್ಗ): ನನ್ನದು ಬೈಕ್. ಹೊಸ ಟೈರ್ ಪಳಪಳ ಅಂತಿದೆ, ಪೆಟ್ರೋಲಿನಲ್ಲಿ ಒರೆಸಿದರೆ ಬೇಗ ಹೋಗುತ್ತದಾ?

ಉತ್ತರ: ಬೇಡ ತಮ್ಮಾ. ಪೆಟ್ರೋಲ್, ಡೀಸೆಲ್ ಯಾವುದೂ ರಬ್ಬರಿಗೆ ಆಗುವುದಿಲ್ಲ. ಪಾಲಿಶ್ ಅಂತೂ ನೆಲ ಮುಟ್ಟುವ ಭಾಗಕ್ಕೆ ಹಚ್ಚಲೇಬೇಡ. ಬೈಕ್ ನೆಟ್ಟಗೆ ಓಡಿದರೆ ಟೈರಿನ ನಡುಭಾಗ ಮಾತ್ರ ಉಜ್ಜುತ್ತದೆ, ಅಂಚು ಹಾಗೇ ನುಣುಪಾಗಿ ಉಳಿದಿರುತ್ತದೆ. 300 ಕಿ.ಮೀ. ಆಯಿತಲ್ಲ ಅಂತ ಒಮ್ಮೆಲೇ ವಾಲಿಸಿದರೆ ಬೀಳುವುದು ಅಲ್ಲೇ. ಒಣ ರಸ್ತೆಯಲ್ಲಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ವಾಲಿಸುತ್ತಾ ಅಂಚಿನವರೆಗೆ ಉಜ್ಜಿಸು. ರಸ್ತೆಯ ಬಿಳಿ ಪಟ್ಟೆ, ಮಳೆಯಲ್ಲಿ ನೆನೆದ ಕಬ್ಬಿಣದ ಮುಚ್ಚಳ, ಇವುಗಳ ಮೇಲೆ ಬ್ರೇಕ್ ಹಿಡಿಯಬೇಡ.

ಪ್ರಶ್ನೆ (ದಾವಣಗೆರೆ): ಟೈರಿನ ಮೇಲಿನ ರಬ್ಬರ್ ಕೂದಲು ಪೂರ್ತಿ ಉದುರಿದರೆ ರನ್ನಿಂಗ್-ಇನ್ (ಹೊಸ ಟೈರ್ ಪಳಗುವ ಅವಧಿ) ಮುಗಿಯಿತು ಅಂತಲಾ?

ಉತ್ತರ: ಸಂಬಂಧ ಇಲ್ಲ. ಅಚ್ಚಿನಿಂದ ಗಾಳಿ ಹೊರಹೋಗಲು ಸಣ್ಣ ತೂತುಗಳಿರುತ್ತವೆ, ಅದರೊಳಗೆ ನುಗ್ಗಿದ ರಬ್ಬರ್ ಅದು. ಪಕ್ಕದಲ್ಲಿ ವರ್ಷಗಟ್ಟಲೆ ಇದ್ದರೂ ತೊಂದರೆಯಿಲ್ಲ. ಕೂದಲಿಗಿಂತ ಪಕ್ಕದಲ್ಲಿರುವ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹಾಕಿಸುವ ಮುಂಚೆಯೇ ನೋಡಬೇಕು.

ಪ್ರಶ್ನೆ (ತುಮಕೂರು): ಅಲೈನ್‌ಮೆಂಟ್ (ಚಕ್ರಗಳ ದಿಕ್ಕು, ಕೋನ ಸರಿಪಡಿಸುವುದು) ಮಾಡಿಸಿದ್ದೇನೆ, ಆದರೂ ಹೊಸ ಟೈರಿನಲ್ಲಿ ಕಾರು ಎಡಕ್ಕೆ ಎಳೆಯುತ್ತದೆ.

ಉತ್ತರ: ಮೊದಲು ಎರಡೂ ಕಡೆ ಗಾಳಿ ಸಮ ಇದೆಯಾ ನೋಡಿ. ಇದ್ದರೆ ಮುಂದಿನ ಎರಡು ಚಕ್ರ ಅದಲುಬದಲು ಮಾಡಿಸಿ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣ ಇದ್ದರೆ ಮಾತ್ರ ಹೀಗೆ ಮಾಡುವಂತಿಲ್ಲ. ಅದಲುಬದಲು ಮಾಡಿದ ಮೇಲೆ ಬಲಕ್ಕೆ ಎಳೆದರೆ ದೋಷ ಟೈರಿನದು, ಬಿಲ್ ತೆಗೆದುಕೊಂಡು ಹೋಗಿ ವಾರಂಟಿ ಕೇಳಿ. ಮತ್ತೂ ಎಡಕ್ಕೇ ಎಳೆದರೆ ಅಲೈನ್‌ಮೆಂಟ್ ಇನ್ನೊಂದು ಕಡೆ ಮಾಡಿಸಿ, ಅಲ್ಲೇ ಬ್ರೇಕ್ ಹಿಡಿದುಕೊಂಡಿದೆಯಾ ಅಂತಲೂ ನೋಡಲು ಹೇಳಿ.